ಮಡಿಕೆ ಕೂಡದೆ ಹೊಸ್ತಿಲು ದಾಟಿಲ್ಲ

ನಾನು ಒಂದು ರೇಷ್ಮೆಯ ಎಳೆ. ಎಳೆಯಾಗುವ ಮೊದಲು ನಾನೊಂದು ಪ್ರೋಟೀನು. ಹುಟ್ಟಿದ್ದು ಶಿಡ್ಲಘಟ್ಟದ ಕಡೆ, ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದ ಹುಳುವೊಂದರ ರೇಷ್ಮೆ ಗ್ರಂಥಿಯಲ್ಲಿ. ಆ ಗ್ರಂಥಿಯ ಒಂದು ಜೀವಕೋಶವೇ ನನ್ನ ತವರು. ಅಲ್ಲಿ ರೈಬೋಸೋಮ್ ಎಂಬ ಪುಟಾಣಿ ಕಸುಬುದಾರ ಸೊಪ್ಪಿನ ಸಾರವನ್ನು ಮಣಿಮಣಿಯಾಗಿ ಪೋಣಿಸಿ ನನ್ನನ್ನು ಮಾಡಿದ. ಐದು ಸಾವಿರಕ್ಕೂ ಮಿಕ್ಕ ಮಣಿಗಳು. ಒಂದೂ ಆಚೀಚೆ ಆಗಲಿಲ್ಲ.

ಪೋಣಿಸುತ್ತಿರುವಾಗಲೇ ನನ್ನ ತಲೆಯನ್ನು ಪಕ್ಕದ ಪೊರೆಯ ಓಣಿಯೊಳಕ್ಕೆ ತೂರಿಸಿದರು. ಓದಿದವರು ಅದನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುತ್ತಾರಂತೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅಲ್ಲಿ ಅರ್ಧ ಕೆಲಸ ಆಗಿರುತ್ತದೆ. ಅಲ್ಲಿನ ಹಿರಿಯರು ನನ್ನನ್ನು ಮಡಿಸಿ, ಒಬ್ಬ ಪುಟ್ಟ ಜೊತೆಗಾರನೊಂದಿಗೆ ಗಂಟು ಹಾಕಿದರು. ಮಡಿಕೆ ಸರಿಯಿಲ್ಲದವರಿಗೆ, ಜೋಡಿ ಕೂಡದವರಿಗೆ ಅಲ್ಲಿಂದ ಹೊರಡುವ ಅಪ್ಪಣೆಯಿಲ್ಲ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಪೊರೆಯದೇ ಒಂದು ಪುಟ್ಟ ಚೀಲ ನನ್ನನ್ನು ಹೊತ್ತು ಗಾಲ್ಜಿಗೆ ತಲುಪಿಸಿತು. ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತಹ ಜಾಗ ಅದು. ಯಾರು ಎಲ್ಲಿಗೆಂದು ಬೇರ್ಪಡಿಸಿ ಅಲ್ಲಿ ಮತ್ತೆ ಚೀಲ ತುಂಬುತ್ತಾರೆ. ಕೊನೆಯ ಚೀಲ ಕೋಶದ ಅಂಚಿನ ಪೊರೆಯಲ್ಲಿ ಬೆರೆತುಹೋಯಿತು, ನಾನು ಗ್ರಂಥಿಯ ಕೊಳವೆಗೆ ಜಾರಿದೆ. ಇಷ್ಟು ಕೈ ದಾಟಿದರೂ ಎಲ್ಲೂ ಒಂದು ಹನಿ ಚೆಲ್ಲಲಿಲ್ಲ.

ಅವಸರವೆಲ್ಲ ಹೊರಗಿನವರದು. ಹುಳುಗಳ ಒಡತಿ ವನಜಾಕ್ಷಿ. ಅತ್ತೆ ಅಕ್ಕಯ್ಯಮ್ಮನ ಕಣ್ಣು ಮಂಜಾದ್ದರಿಂದ ಅವಳೊಬ್ಬಳೇ ಸಾಕಿದ ಮೊದಲ ಬೆಳೆ ಅದು. ಇದು ಕೆಟ್ಟರೆ ಹುಳುವಿನ ಸಹವಾಸವೇ ಬೇಡವೆಂದು ಗಂಡ ಮುನಿಕೃಷ್ಣ ಹೇಳಿಬಿಟ್ಟಿದ್ದ. ಅವಳಿಗೋ ಹುಳುವಿನ ಮನೆಯೆಂದರೆ ಜೀವ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಪಕ್ಕದ ಪಿಳ್ಳಪ್ಪನವು. ತಂದ ಆರನೆಯ ದಿನಕ್ಕೆ ಹಿಂತಿರುಗಿಸಬೇಕು, ಗೂಡು ಬಲಿಯುವುದಕ್ಕೇ ಐದು ದಿನ ಬೇಕು. ಅದಕ್ಕೇ ಮುನಿಕೃಷ್ಣ ಬೆಳಗ್ಗೆಯೇ ಎಲ್ಲ ಹುಳುಗಳನ್ನೂ ಚಂದ್ರಿಕೆಗೆ ಹತ್ತಿಸಲು ಬಂದ. ವನಜಾಕ್ಷಿ ನಮ್ಮ ಹುಳುವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

“ಕತ್ತು ಇನ್ನೂ ಹೊಳೀತಿಲ್ಲ. ಹಣ್ಣಾಗ್ದೆ ನಾನು ಹತ್ತಿಸಲ್ಲ” ಅಂದಳು.

ಹಣ್ಣಾಗದ, ಅಂದರೆ ಮೈಯಲ್ಲಿ ರೇಷ್ಮೆ ತುಂಬದ ಹುಳು ಅಲೆದಾಡಿ, ಚಂದ್ರಿಕೆ ಗಲೀಜು ಮಾಡಿ, ತೆಳು ಗೂಡು ಕಟ್ಟುತ್ತದೆ. ನನ್ನ ಹಿಂದೆ ಎಷ್ಟೋ ಮಂದಿ ಇನ್ನೂ ಓಣಿಯಲ್ಲಿ ಮಡಿಕೆ ಬೀಳುತ್ತಿದ್ದರು. ಅದು ಅವಳಿಗೆ ಹೇಗೆ ತಿಳಿಯಿತೋ! ಮುನಿಕೃಷ್ಣ ಮುಖ ಊದಿಸಿಕೊಂಡ. ವನಜಾಕ್ಷಿ ತಾನೇ ಪಿಳ್ಳಪ್ಪನ ಮನೆಗೆ ಹೋಗಿ ಇನ್ನೊಂದು ದಿನ ಕೇಳಿಕೊಂಡು ಬಂದಳು.

ಮರುದಿನ ಹುಳು ಸೊಪ್ಪು ಬಿಟ್ಟಿತು, ಮೈ ದ್ರಾಕ್ಷಿಯಂತೆ ತಿಳಿಯಾಯಿತು. ಅವಳೇ ಹತ್ತಿಸಿದಳು. ಹುಳು ತಲೆಯಾಡಿಸಿ ಎಳೆದಂತೆಲ್ಲ ನಾನು ಗಟ್ಟಿಯಾಗಿ ಎಳೆಯಾದೆ.

ಗೂಡು ಬಿಡಿಸುವ ದಿನ ಅಕ್ಕಯ್ಯಮ್ಮ ತಡವಿಕೊಂಡು ಬಂದು ನಮ್ಮ ಗೂಡನ್ನೇ ಎತ್ತಿಕೊಂಡಳು. ಬೆರಳಿನಿಂದ ಅದುಮಿದಳು, ತಗ್ಗಲಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳಿದಳು.

“ಹುಳಿನ ಮನೆ ಬೀಗದ ಕೈ ನಿನ್ನತ್ರನೇ ಇರ್ಲಿ ಕಣಮ್ಮ. ಇನ್ಮೇಲೆ ನನ್ನ ಕೇಳ್ಬೇಡ” ಅಂದಳು.

ವನಜಾಕ್ಷಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಿಕ್ಕ ಗೂಡುಗಳು ಬಿಸಿನೀರಿಗೆ ಬಿದ್ದು ನೂಲಾದವು, ಎಲ್ಲೋ ಸೀರೆಯಾದವು. ನಮ್ಮದನ್ನು ಮಾತ್ರ ಅವಳು ಬಿಸಿಲಿಗೆ ಒಣಗಿಸಿ ಹುಳುವಿನ ಮನೆಯ ಗೋಡೆಯ ಮಾಡದಲ್ಲಿಟ್ಟಳು. ನಾನೀಗ ಮಾಸಿದ್ದೇನೆ, ಅವಳ ತಲೆಯೂ ನರೆತಿದೆ. ಪ್ರತಿ ಬೆಳೆಯಲ್ಲೂ ಮುನಿಕೃಷ್ಣ ಹುಳುವೊಂದನ್ನು ಅಂಗೈಯಲ್ಲಿಟ್ಟು ತಂದು, ಹಣ್ಣಾಯಿತೇ ಎಂದು ಅವಳನ್ನೇ ಕೇಳುತ್ತಾನೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಮಡಿಕೆ ಕೂಡದೆ ಯಾರನ್ನೂ ಹೊರಬಿಡದ ನನ್ನ ತವರಿನ ಆ ಹಿರಿಯರನ್ನು ಅವಳು ಕಂಡವಳಲ್ಲ. ಆದರೂ ಅವರ ಪೈಕಿಯವಳೇ.