ವರ್ನಾ ಓಸ್ಟ್‌ಬಿ ಸಾಯುವವರೆಗೆ ತೆರೆಯಬಾರದು

ಪ್ರತಿ ವರ್ಷ ಜನವರಿ ಎರಡನೆಯ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನನಗೊಂದು ಫೋನ್ ಬರುತ್ತಿತ್ತು. ನಾನು ಇನ್ನೂ ಬದುಕಿದ್ದೇನಾ ಎಂದು ತಿಳಿದುಕೊಳ್ಳುವುದಕ್ಕೆ.

ಹಾಗೆಂದು ನೇರವಾಗಿ ಕೇಳುತ್ತಿರಲಿಲ್ಲ, ಪಾಪ. ಟೋರ್ವಿಕ್ ಕಾಲೇಜಿನ ಗ್ರಂಥಾಲಯದ ಪ್ರೆಂಟಿಸ್ ಮರ್ಯಾದಸ್ಥ. "ನಮಸ್ಕಾರ ಮಿಸೆಸ್ ಓಸ್ಟ್‌ಬಿ, ಸುಮ್ನೆ ಹೇಗಿದ್ದೀರಿ ಅಂತ ವಿಚಾರಿಸೋಣ ಅಂತ..." ಎಂದು ಎಳೆಯುತ್ತಿದ್ದ.

"ಇನ್ನೂ ಇದ್ದೀನಪ್ಪ. ಆ ಪೆಟ್ಟಿಗೆಗೆ ಹೇಳು, ಕಾಯ್ತಾ ಇರ್ಲಿ."

"ತುಂಬಾ ಸಂತೋಷ. ಬೆಚ್ಚಗಿರಿ."

ಅಷ್ಟೇ ಮಾತು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಅವನ ಮುಖ ನಾನು ನೋಡಿರಲಿಲ್ಲ, ನನ್ನ ಮುಖ ಅವನೂ ನೋಡಿರಲಿಲ್ಲ.

ಪೆಟ್ಟಿಗೆ ನನ್ನ ಮೊದಲ ಗಂಡ ಹಾರ್ಲನ್ ಓಸ್ಟ್‌ಬಿಯದು. ಕಾದಂಬರಿಕಾರ. ನಮ್ಮ ಮಿನಿಸೋಟಾದಲ್ಲಿ ಹೈಸ್ಕೂಲು ಮುಟ್ಟಿದವರೆಲ್ಲ ಅವನ ಒಂದು ಪುಸ್ತಕವನ್ನಾದರೂ ಓದಿಯೇ ಇರುತ್ತಾರೆ, ಪರೀಕ್ಷೆಗೆ ಬರುತ್ತದಲ್ಲ. ಅವನು ಸತ್ತ ಮೇಲೆ ಅವನ ಕಾಗದಪತ್ರವೆಲ್ಲ ನಲವತ್ತೊಂದು ಪೆಟ್ಟಿಗೆಗಳಲ್ಲಿ ಟೋರ್ವಿಕ್ ಕಾಲೇಜಿಗೆ ಹೋಯಿತು. ನಲವತ್ತು ಪೆಟ್ಟಿಗೆಗಳನ್ನು ಯಾರು ಬೇಕಾದರೂ ಓದಬಹುದು. ನಲವತ್ತೊಂದನೆಯದಕ್ಕೆ ಟೇಪು ಸುತ್ತಿ, ಮೇಲೆ ತನ್ನ ಕೈಯಾರೆ ಬರೆದಿಟ್ಟಿದ್ದ: ವರ್ನಾ ಓಸ್ಟ್‌ಬಿ ಸಾಯುವವರೆಗೆ ತೆರೆಯಬಾರದು. ಅಷ್ಟು ಹೊತ್ತಿಗೆ ನಾನು ಹಾಲಿನ ಟ್ಯಾಂಕರ್ ಓಡಿಸುವ ಲಿಯೋ ಡ್ವೊರಾಕ್‌ನನ್ನು ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು. ಹಾರ್ಲನ್‌ಗೆ ಮಾತ್ರ ನಾನು ಕೊನೆಯವರೆಗೂ ಓಸ್ಟ್‌ಬಿಯೇ. ಆ ಪೆಟ್ಟಿಗೆಯನ್ನು ನಾಳೆ ಹುಟ್ಟುವ ಮಗುವೂ ಓದಬಹುದು, ನಾನೊಬ್ಬಳು ಓದುವಂತಿಲ್ಲ.

ಓದಬೇಕು ಎಂಬ ಆಸೆ ಯಾಕೆ ಎಂದರೆ ಗೇಟಿನ ವಿಷಯ ಹೇಳಬೇಕು.

ನಮಗೊಬ್ಬ ಮಗನಿದ್ದ. ರೋಲ್ಫ್. ೧೯೬೮ರ ಮಾರ್ಚ್ ತಿಂಗಳಲ್ಲಿ ಅವನಿಗೆ ನಾಲ್ಕು ವರ್ಷ. ಹಿತ್ತಲಿನ ಬೇಲಿಯಾಚೆ ನದಿ. ಮಾರ್ಚ್‌ನಲ್ಲಿ ಅದರ ಮೇಲಿನ ಹಿಮಗಡ್ಡೆ ನೋಡಲಿಕ್ಕೆ ಗಟ್ಟಿ, ಕಾಲಿಟ್ಟರೆ ಟೊಳ್ಳು. ಅದಕ್ಕೇ ಗೇಟಿಗೆ ಮಗುವಿಗೆ ಎಟುಕದ ಎತ್ತರದಲ್ಲಿ ಕೊಕ್ಕೆ ಹಾಕಿಸಿದ್ದೆ. ಆ ದಿನ ಮಧ್ಯಾಹ್ನ ಒಂದು ಗಂಟೆಗೆ ನಾನು ಹಿತ್ತಲಿನ ದಾರಿಯಲ್ಲೇ ಬೆಣ್ಣೆ ಕಾರ್ಖಾನೆಯ ಕೆಲಸಕ್ಕೆ ಹೋದೆ. ಹಾರ್ಲನ್ ಮನೆಯಲ್ಲೇ ಬರೆಯುತ್ತಿದ್ದ. ಮೂರು ಗಂಟೆಗೆ ನನ್ನನ್ನು ಕರೆಯಲು ಬಂದರು. ಗೇಟು ತೆರೆದೇ ಇತ್ತಂತೆ. "ಅವಳಿಗೆ ಹೊತ್ತಾಗಿತ್ತು, ಅವಸರದಲ್ಲಿ ಹೋದಳು," ಎಂದು ಹಾರ್ಲನ್ ಶೆರಿಫ್‌ಗೆ ಹೇಳಿದ.

ನಾನು ಕೊಕ್ಕೆ ಹಾಕಿದ್ದೆನಾ? ಹಾಕಿದ್ದೆ ಎಂದೇ ನೆನಪು. ಆದರೆ ದಿನಾ ಮಾಡುವ ಕೆಲಸದ ನೆನಪು ಯಾವ ದಿನದ್ದು ಎಂದು ಹೇಗೆ ಹೇಳುವುದು? ನಾಲ್ಕು ವರ್ಷದ ನಂತರ ಹಾರ್ಲನ್‌ನ ಆ ಪುಸ್ತಕ ಬಂತು, ಈಗ ಪರೀಕ್ಷೆಗಿರುವುದು. ಅದರಲ್ಲಿ ಒಬ್ಬ ತಾಯಿ ತುಟಿಗೆ ಬಣ್ಣ ಹಚ್ಚಿಕೊಂಡು, ಹಾಡು ಗುನುಗುತ್ತಾ, ಗೇಟು ತೆರೆದು ಬಿಟ್ಟು ಹೋಗುತ್ತಾಳೆ. ಮುಂದಿನದನ್ನು ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಓದಿದ ಮೇಲೆ ನನಗೂ ನಾನು ಗುನುಗಿದ ಹಾಗೆಯೇ ನೆನಪಾಗತೊಡಗಿತು. ಅದೇ ವರ್ಷ ಅವನನ್ನು ಬಿಟ್ಟೆ. ಅವನು ಊರು ಬಿಟ್ಟು ಹೋದ, ಮನೆ ನನಗೆ ಉಳಿಯಿತು.

ಊರಿನವರು ಕೆಟ್ಟವರಲ್ಲ. ಯಾರೂ ಒಂದು ಮಾತು ಅನ್ನಲಿಲ್ಲ. ಆದರೆ ನಾನು ಎಲ್ಲಿಂದ ಹೊರಟರೂ ಯಾರಾದರೊಬ್ಬರು ಎದ್ದು ಹೋಗಿ ಬಾಗಿಲು ನೋಡುತ್ತಾರೆ. ಚರ್ಚಿನಲ್ಲಿ, ದಂತವೈದ್ಯರ ಹತ್ತಿರ, ಎಲ್ಲ ಕಡೆ. ಚಿನ್ನದಂಥ ಮನುಷ್ಯ ಲಿಯೋ, ಅವನೂ ಸಾಯುವವರೆಗೆ ನನ್ನ ಹಿಂದೆಯೇ ಬಂದು ಚಿಲಕ ಮುಟ್ಟಿ ನೋಡುತ್ತಿದ್ದ. ನಾನೂ ಮೂರು ಮೂರು ಸಲ ತಿರುಗಿ ಬಂದು ನೋಡುತ್ತೇನೆ. ಮೊದಮೊದಲು ನೋವಾಗುತ್ತಿತ್ತು. ಆಮೇಲೆ ಏನೂ ಅನ್ನಿಸದ ಹಾಗಾಯಿತು. ಐವತ್ತೇಳು ವರ್ಷ ಮರಗಟ್ಟಿದ ಕಾಲಿನ ಮೇಲೆ ನಡೆದ ಹಾಗೆ ನಡೆದಿದ್ದೇನೆ.

ಈ ವರ್ಷ ಜನವರಿಯಲ್ಲಿ ಫೋನ್ ಬರಲಿಲ್ಲ.

ಪ್ರೆಂಟಿಸ್ ನಿವೃತ್ತನಾಗಿರಬೇಕು ಎಂದುಕೊಂಡೆ. ಫೆಬ್ರವರಿಯ ಒಂದು ಶನಿವಾರ ಪಕ್ಕದ ಮನೆಯ ಮರ್ಟಲ್ ಬೂಟು ಕೂಡ ಬಿಚ್ಚದೆ ಒಳಗೆ ಬಂದು, ಪತ್ರಿಕೆಯನ್ನು ನನ್ನ ಗಂಜಿಯ ಬಟ್ಟಲಿನ ಪಕ್ಕಕ್ಕೆ ಕುಕ್ಕಿದಳು. ಅರವತ್ತು ವರ್ಷದಿಂದ ಪಕ್ಕದಲ್ಲಿದ್ದಾಳೆ, ಮುಚ್ಚುಮರೆ ಇಲ್ಲ.

"ನೀನು ಸತ್ತಿದ್ದೀಯಂತೆ ಕಣೆ!"

"ಯಾವಾಗ?"

"ನವೆಂಬರ್‌ನಲ್ಲಿ. ನಂಗೊಂದು ಮಾತು ಹೇಳೋದಲ್ವಾ? ಸಾವಿನ ಮನೆಗೆ ಅಂತ ಒಂದು ಕೇಕ್ ಆದ್ರೂ ಮಾಡ್ತಿದ್ದೆ."

ಲೇಖಕರ ಮೊದಲ ಪತ್ನಿ ವರ್ನಾ ಓಸ್ಟ್‌ಬಿ ತೀರಿಕೊಂಡ ಕಾರಣ, ಮುಚ್ಚಿಟ್ಟಿದ್ದ ಪೆಟ್ಟಿಗೆ ಸೋಮವಾರದಿಂದ ಓದುಗರಿಗೆ ಸಿಗಲಿದೆ ಎಂದಿತ್ತು. ನವೆಂಬರಿನಲ್ಲಿ ಸತ್ತವಳು ಪಕ್ಕದ ಕೌಂಟಿಯ ಒಬ್ಬ ನಿವೃತ್ತ ಟೀಚರು. ಅದೇ ಹೆಸರು, ಅದೇ ಎಂಬತ್ತನಾಲ್ಕು ವಯಸ್ಸು. ನಮ್ಮ ಕಡೆ ಓಸ್ಟ್‌ಬಿಗಳಿಗೇನು ಬರವೇ? ಕಾಲೇಜಿನವರು ಮರಣವಾರ್ತೆ ನೋಡಿ ಪಟ್ಟಿಯಿಂದ ನನ್ನನ್ನು ಹೊಡೆದುಹಾಕಿದ್ದರು. ಸತ್ತವರಿಗೆ ಯಾರು ಫೋನ್ ಮಾಡುತ್ತಾರೆ?

"ಫೋನ್ ಮಾಡಿ ಬೈಯಿ ಅವರಿಗೆ," ಎಂದಳು ಮರ್ಟಲ್.

"ಬೈದ್ರೆ ಮತ್ತೆ ಟೇಪ್ ಸುತ್ತಿಬಿಡ್ತಾರೆ. ಸೋಮವಾರ ನಿನ್ನ ಕಾರು ತೆಗಿ."

ಅವಳು ಆಗ ಬಗ್ಗಿ ಬೂಟು ಬಿಚ್ಚಿದಳು. "ಅದ್ರಲ್ಲಿ ನೀನೇ ಗೇಟು ಬಿಟ್ಟಿದ್ದು ಅಂತಿದ್ರೆ?"

"ಇದ್ರೆ ಇದೆ. ಗೊತ್ತಾಗುತ್ತಲ್ಲ."

ಸೋಮವಾರ ಮೂರು ಗಂಟೆ ದಾರಿ, ಪೂರ್ತಿ ಹಿಮ. ಗ್ರಂಥಾಲಯದ ಹಜಾರದಲ್ಲಿ ಹಾರ್ಲನ್‌ನ ಕಂಚಿನ ತಲೆ ಇಟ್ಟಿದ್ದಾರೆ. ಪರೀಕ್ಷೆಗೆ ಮುಂಚೆ ಹುಡುಗರು ಮೂಗು ಸವರಿ ಸವರಿ ಮೂಗೊಂದೇ ಹೊಳೆಯುತ್ತಿತ್ತು. "ನೆಗಡಿ ಆಗಿರೋ ಹಾಗಿದೆ," ಎಂದು ಮರ್ಟಲ್ ಅಲ್ಲೇ ಬೆಂಚಿನ ಮೇಲೆ ಕೂತಳು. ನಾನು ಓದುವ ಕೋಣೆಗೆ ಹೋದೆ. ಕೋಟು, ಚೀಲ, ಪೆನ್ನು ಎಲ್ಲ ಹೊರಗೆ. ಒಳಗೆ ಪೆನ್ಸಿಲ್ ಮಾತ್ರ. ಮೇಜಿನ ಹಿಂದಿದ್ದ ಹೆಣ್ಣುಮಗಳು ನನ್ನ ಡ್ರೈವಿಂಗ್ ಲೈಸೆನ್ಸ್ ನೋಡಿ ಚೀಟಿಯಲ್ಲಿ ವರ್ನಾ ಡ್ವೊರಾಕ್ ಎಂದು ಬರೆದುಕೊಂಡಳು. ಸಂಶೋಧನೆಯ ಉದ್ದೇಶ ಎಂಬಲ್ಲಿ ನಾನು "ಗೇಟು" ಎಂದು ಬರೆದೆ. ಅವಳು ಹುಬ್ಬೇರಿಸಿದಳು. ಮೊದಲು ಓದಲು ಬರಬೇಕಿದ್ದ ಪ್ರೊಫೆಸರು ಹಿಮದಿಂದ ಬರಲಾಗದೆ ಗುರುವಾರಕ್ಕೆ ಹಾಕಿಕೊಂಡಿದ್ದಾರೆ, ನೀವೇ ಮೊದಲಿಗರು ಎಂದಳು.

ಪೆಟ್ಟಿಗೆಯಲ್ಲಿ ಹೆಚ್ಚೇನೂ ಇರಲಿಲ್ಲ. ಅವನ ಕೈಬರಹದ ಒಂಬತ್ತು ಪುಟ, ಟೈಪು ಮಾಡಿದ ಒಂದು ಹಾಳೆ.

ಮೊದಲ ಪುಟದಲ್ಲೇ ಹಾರ್ಲನ್ ಬರೆದಿದ್ದ: ವರ್ನಾ ಹೊರಡುವಾಗ ಕೊಕ್ಕೆ ಹಾಕಿಯೇ ಹೋದಳು, ನಾನು ಕಿಟಕಿಯಿಂದ ನೋಡಿದೆ. ಮಗು ಮೂರು ಸಲ ಬಂದು ಬಾಗಿಲು ತಟ್ಟಿತು, ನದಿ ನೋಡೋಣ ಬಾ ಎಂದು. ಮೂರನೆಯ ಸಲ ನಾನೇ ಎದ್ದುಹೋಗಿ ಕೊಕ್ಕೆ ತೆಗೆದು, ಆಚೆ ಆಡಿಕೋ ಎಂದು ಬಿಟ್ಟು, ಬಂದು ಕೂತೆ.

ಉಳಿದ ಎಂಟು ಪುಟ ಅವನ ನೋವು. ನಿದ್ದೆ ಬಾರದ್ದು, ಕುಡಿದದ್ದು, ಬರೆದದ್ದು. ನನ್ನ ಹೆಸರು ಮತ್ತೆ ಎಲ್ಲೂ ಬರಲಿಲ್ಲ.

ಟೈಪು ಮಾಡಿದ ಹಾಳೆ ಆ ಮಧ್ಯಾಹ್ನದ್ದು. ಹನ್ನೊಂದು ಸಾಲು. ಯಾರೋ ಒಬ್ಬ ಕೊಟ್ಟಿಗೆಯ ಛಾವಣಿಗೆ ಬಣ್ಣ ಬಳಿಯುತ್ತಿರುತ್ತಾನೆ. ಹನ್ನೊಂದನೆಯ ಸಾಲು ಅರ್ಧಕ್ಕೆ ನಿಂತಿದೆ. ಅವನ ಪುಸ್ತಕಗಳನ್ನೆಲ್ಲ ನಾನು ಓದಿದ್ದೇನೆ, ಈ ಬಣ್ಣ ಬಳಿಯುವವನು ಯಾವುದರಲ್ಲೂ ಇಲ್ಲ. ಸಾಲುಗಳೂ ಅಂಥ ಚೆನ್ನಾಗಿರಲಿಲ್ಲ. ಇಷ್ಟಕ್ಕಾ, ಎಂದುಕೊಂಡೆ.

ನೆಲ ಬಿರಿಯುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಾಳೆಗಳ ಅಂಚು ಸಮ ಮಾಡಿ ಮತ್ತೆ ಒಳಗಿಟ್ಟೆ. ಹಸಿವಾಯಿತು. ಮರ್ಟಲ್ ಮೊಟ್ಟೆಯ ಸ್ಯಾಂಡ್‌ವಿಚ್ ತಂದಿದ್ದಾಳೆ ಎಂದು ನೆನಪಾಯಿತು.

ಅಷ್ಟರಲ್ಲಿ ಅರವತ್ತರ ಆಸುಪಾಸಿನ, ಹೆಗಲಿಗೆ ಸ್ವೆಟರ್ ಹೊದ್ದ ಒಬ್ಬರು ಬಂದು ಬಗ್ಗಿ ಮೆಲ್ಲಗೆ ಕೇಳಿದರು. "ಹನ್ನೆರಡಕ್ಕೆ ಊಟಕ್ಕೆ ಮುಚ್ತೀವಿ ಮೇಡಂ. ನಿಮ್ಮದು ಮುಗೀತಾ, ಇನ್ನೂ ಇರ್ತೀರಾ?"

ದನಿ ಗುರುತು ಸಿಕ್ಕಿತು. ಬಾಯಿಗೆ ಅಭ್ಯಾಸವಾದದ್ದೇ ಬಂತು. "ಇನ್ನೂ ಇದ್ದೀನಪ್ಪ."

ಅವನು ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

"ನಾನು ಹೂ ಕಳಿಸಿದ್ದೆ," ಎಂದ.

"ಯಾವ ಹೂ?"

"ಬಿಳಿ ಕಾರ್ನೇಶನ್."

"ನಂಗದು ಕಂಡ್ರೆ ಆಗಲ್ಲ."

"ಕ್ಷಮಿಸಿ." ಕನ್ನಡಕ ತೆಗೆದು ಒರೆಸಿದ. "ಮಿಸೆಸ್ ಓಸ್ಟ್‌ಬಿ, ನಿಯಮದ ಪ್ರಕಾರ ನಾನು ಇದಕ್ಕೆ ಈಗ್ಲೇ ಮತ್ತೆ ಟೇಪ್ ಹಾಕ್ಬೇಕು."

"ನಾನು ಸಾಯೋವರೆಗೆ."

"ಹೌದು."

"ನೀನು ಓದಿದ್ದೀಯಾ?"

"ಪಟ್ಟಿ ಮಾಡೋಕೆ ಓದ್ಲೇಬೇಕಲ್ವಾ."

"ಹಾಗಾದ್ರೆ ಹೇಳು. ಗೇಟು ತೆಗೆದಿದ್ದು ಯಾರು?"

"ಅವರೇ."

"ಪೂರ್ತಿ ಹೇಳು."

"ಅವರೇ ತೆಗೆದ್ರು ಮೇಡಂ. ನೀವು ಹಾಕಿ ಹೋಗಿದ್ರಿ."

ನನಗೆ ಇದನ್ನು ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನೋಡಪ್ಪ," ಎಂದೆ. "ನನ್ನೆದುರು ಹೇಳೋ ಧೈರ್ಯ ಇಲ್ದೆ ನಾನು ಸಾಯ್ಲಿ ಅಂತ ಕಾದ ಅವನು. ಸರಿ, ಸತ್ತಿದ್ದೀನಿ. ಪತ್ರಿಕೇಲೂ ಬಂದಿದೆ. ಗುರುವಾರ ಆ ಪ್ರೊಫೆಸರು ಬಂದು ಓದ್ಲಿ, ಊರಿಗೆಲ್ಲ ಬರೀಲಿ. ನಾನು ಸತ್ತೇ ಇದ್ರೆ ನಿಂಗೇನು ನಷ್ಟ?"

ಪ್ರೆಂಟಿಸ್ ಸುಳ್ಳು ಹೇಳುವ ಜಾತಿಯವನಲ್ಲ. ಹಣೆ ಉಜ್ಜಿಕೊಂಡ. ಆಮೇಲೆ ನನ್ನ ಚೀಟಿಯನ್ನು ಎತ್ತಿ ದೂರ ಹಿಡಿದು ಓದಿದ.

"ಇದ್ರಲ್ಲಿ ವರ್ನಾ ಡ್ವೊರಾಕ್ ಅಂತಿದೆ."

"ಲೈಸೆನ್ಸ್‌ನಲ್ಲೂ ಅದೇ ಇದೆ."

"ನನ್ನ ಕಡತದಲ್ಲಿ ಡ್ವೊರಾಕ್ ಅನ್ನೋರು ಯಾರೂ ಇಲ್ಲ. ವರ್ನಾ ಓಸ್ಟ್‌ಬಿ ನವೆಂಬರ್‌ನಲ್ಲಿ ತೀರ್ಕೊಂಡ್ರು ಅಂತಿದೆ." ಚೀಟಿಯನ್ನು ಹುಷಾರಾಗಿ ಕೆಳಗಿಟ್ಟ. "ನಾನು ಕಡತ ನೋಡಿ ಕೆಲ್ಸ ಮಾಡೋನು."

"ಹಾಗಾದ್ರೆ ಜನವರೀಲಿ?"

"ತೀರ್ಕೊಂಡವರಿಗೆ ನಾವು ಫೋನ್ ಮಾಡಲ್ಲ ಮೇಡಂ."

ಆಗ ಎದೆಯಲ್ಲಿ ಚುರುಕ್ ಎಂದಿತು. ವರ್ಷಕ್ಕೊಮ್ಮೆ ನಾನಿದ್ದೇನಾ ಎಂದು ಕೇಳುತ್ತಿದ್ದದ್ದು ಅದೊಂದೇ ದನಿ. ಬೇಡ, ಹಾಕು ಟೇಪು ಎಂದು ನಾಲಗೆ ತುದಿಗೆ ಬಂತು. ನುಂಗಿಕೊಂಡೆ. ಅವನು ಎದ್ದು ನಿಂತು ಕೈ ಕೊಟ್ಟ. ಬೆಚ್ಚಗಿನ ಕೈ. "ಬೆಚ್ಚಗಿರಿ," ಎಂದ.

ಹಜಾರದಲ್ಲಿ ಮರ್ಟಲ್ ನನ್ನ ಮುಖ ನೋಡಿ ಸ್ಯಾಂಡ್‌ವಿಚ್ ಬಿಚ್ಚಿಕೊಟ್ಟಳು. ದಾರಿಯುದ್ದಕ್ಕೂ ತನ್ನ ಮಂಡಿನೋವಿನ ವಿಷಯ ಮಾತಾಡಿದಳು. ನಾನು ಹೂಂಗುಟ್ಟಿದೆ. ಹೇಳಬೇಕು ಎಂದರೆ ಮಾತು ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಕಾರಿನಿಂದ ಇಳಿದು ಮನೆಯ ಮುಂದಿನ ಗೇಟು ದಾಟಿ, ಕೈ ಹಿಂದೆ ಚಾಚಿ ಕೊಕ್ಕೆ ಹಾಕಿ ನಡೆದೆ. ತಿರುಗಿ ನೋಡಲಿಲ್ಲ. ಅರ್ಧ ದಾರಿ ಹೋದ ಮೇಲೇ ನಾನು ತಿರುಗಿ ನೋಡಲಿಲ್ಲ ಎಂದು ನನಗೆ ಗೊತ್ತಾದದ್ದು. ಹಿಂದೆ ಕಾರಿನ ಬಾಗಿಲಿನ ಸದ್ದಾಯಿತು. ಮರ್ಟಲ್ ಮಂಡಿ ಹಿಡಿದುಕೊಂಡು ಇಳಿದು ಬಂದು ಗೇಟು ಅಲುಗಾಡಿಸಿ ನೋಡಿದಳು.

"ಹಾಕಿದೀನಿ ಕಣೆ," ಎಂದೆ.

"ಗೊತ್ತು, ಸುಮ್ನೆ ನೋಡ್ದೆ."

"ಆವತ್ತೂ ಹಾಕಿದ್ದೆ."

ಅವಳ ಕೈ ಕೊಕ್ಕೆಯ ಮೇಲೇ ನಿಂತಿತು.

"ಹಾರ್ಲನ್ ತೆಗೆದ. ಮಗು ಪದೇ ಪದೇ ಕರೀತಿತ್ತಂತೆ, ಬರೆಯೋಕೆ ತೊಂದ್ರೆ ಅಂತ ಆಚೆ ಬಿಟ್ಟ. ಅವನೇ ಬರ್ದಿಟ್ಟಿದಾನೆ. ಪೆಟ್ಟಿಗೇಲಿದ್ದಿದ್ದು ಅದೇ."

ಮರ್ಟಲ್ ಕೊಕ್ಕೆಯಿಂದ ಕೈ ತೆಗೆದು, ಬಿಸಿ ತಾಗಿದವಳ ಹಾಗೆ ಕೋಟಿನ ಜೇಬಿಗೆ ಹಾಕಿಕೊಂಡಳು.

"ಒಳಗೆ ಬಾ," ಎಂದೆ. "ಸೂಪ್ ಇದೆ, ಬಿಸಿ ಮಾಡ್ತೀನಿ."

ಅವಳು ಗೇಟು ತೆಗೆದು ಒಳಗೆ ಬಂದು, ಹಾಕಲೆಂದು ತಿರುಗಿದವಳು ತಡೆದು ನಿಂತಳು.

"ನೀನೇ ಹಾಕು ವರ್ನಾ," ಎಂದಳು.

ನಾನು ಹೋಗಿ ಹಾಕಿದೆ. ಕಣ್ಣು ಮಂಜಾಗಿ ಕೊಕ್ಕೆ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು. ತಿರುಗಿದಾಗ ಮರ್ಟಲ್ ಹಿಂದೆ ನೋಡದೆ ಕುಂಟಿಕೊಂಡು ಮನೆಯ ಮೆಟ್ಟಿಲು ಹತ್ತುತ್ತಿದ್ದಳು.