ನಕ್ಷೆಯ ಅರವತ್ತಮೂರು ಚುಕ್ಕೆಗಳು

ತೀರಿಕೊಂಡ ಅಕ್ಕ ವಾಸಿತಿಯ ಕಾಲ ಮೇಲೆ ಚಾಪೆಯ ಅಂಚು ಮಡಚುತ್ತಿದ್ದ ಲಿಟಿಯಾ, ಮೋಟಾರು ದೋಣಿಯ ಸದ್ದು ಕೇಳಿ ಕೈ ನಿಲ್ಲಿಸಿದಳು. ರಾಜಧಾನಿ ಸುವಾದ ಸರ್ಕಾರಿ ಕಚೇರಿಯಿಂದ ಬಂದ ಟೊಮಾಸಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಣದ ಮುಂದೆ ಕೂತು ತಲೆ ಬಗ್ಗಿಸಿದ. ಅಷ್ಟು ಮರ್ಯಾದೆ ಅವನಲ್ಲಿತ್ತು.

"ಅಜ್ಜಿ, ಇವರನ್ನ ಇಲ್ಲಿ ಮಣ್ಣು ಮಾಡೋ ಹಾಗಿಲ್ಲ. ನದಿಯ ಆಚೆ ದಡದಲ್ಲಿ ಜಾಗ ಮಾಡಿಸಿದೀನಿ."

"ಯಾಕಪ್ಪ?"

"ಈ ನಾಸಾಲಿ ದ್ವೀಪದಲ್ಲಿ ಜನವಸತಿ ಇಲ್ಲ ಅಂತ ನಕ್ಷೇಲಿದೆ. ಬರೋ ತಿಂಗಳಿಂದ ಮರಳು ತೆಗೆಯೋಕೆ ಒಬ್ಬರಿಗೆ ಕೊಟ್ಟಾಗಿದೆ. ಹೊಸ ಗೋರಿ ಎದ್ರೆ ತಕರಾರಾಗುತ್ತೆ."

ಬಾಗಿಲಾಚೆ ಗುದ್ದಲಿ ಹಿಡಿದು ನಿಂತಿದ್ದ ತಮ್ಮ ಸೆಮಿ ಇಣುಕಿದ. "ಜನ ಇಲ್ವಂತೆ. ಹಂಗಾದ್ರೆ ನಿನ್ನೆ ಸತ್ತಿದ್ದೇನು, ಏಡಿನಾ?"

ಸುತ್ತ ಕೂತಿದ್ದ ಹೆಂಗಸರು ನಗು ತಡೆಯಲು ಬಾಯಿಗೆ ಅಂಗೈ ಒತ್ತಿಕೊಂಡರು. ಲಿಟಿಯಾ ನಗಲಿಲ್ಲ.

*

ಐವತ್ತು ವರ್ಷದ ಹಿಂದೆ, ಆ ನಕ್ಷೆ ಬರೆಯಲು ಬಂದವನು ಜ್ವರದಲ್ಲಿ ನಡುಗುತ್ತ ದೋಣಿಯಿಂದ ಇಳಿದಿದ್ದ. ವಾಸಿತಿ ಅವನಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟು ಒಂಬತ್ತು ದಿನ ಒಲೆಯ ಪಕ್ಕ ಮಲಗಿದಳು. ಮರಗೆಣಸು ಬೇಯಿಸಿ, ತೆಂಗಿನಹಾಲಲ್ಲಿ ಕಿವುಚಿ ಉಣ್ಣಿಸಿದಳು. ಅಂಗಿ ಒಗೆದು, ಬಿದ್ದ ಗುಂಡಿ ಹೊಲಿದಳು.

ಗುಣವಾದ ಮೇಲೆ ಅವನು ತೆಂಗಿನ ಮರಗಳನ್ನು ಒಂದೊಂದಾಗಿ ಮುಟ್ಟಿ ಬರೆದುಕೊಂಡ. ಅಳತೆಯ ಹಗ್ಗದ ಇನ್ನೊಂದು ತುದಿ ಹಿಡಿದು ನಡೆದವಳೂ ವಾಸಿತಿಯೇ.

"ಮನೆಗಳನ್ನೂ ಬರ್ಕೊಳಪ್ಪ," ಎಂದಳು.

"ನಿಮ್ಮ ಗುಡಿಸಲು ಇವತ್ತಿದ್ದು ನಾಳೆ ನೆರೆಗೆ ಹೋಗುತ್ತೆ. ಮರ ನಿಲ್ಲುತ್ತೆ," ಎಂದ.

ಹೊರಟವನಿಗೆ ಅವಳು ದಾರಿಗೆಂದು ಬುಟ್ಟಿ ಕಟ್ಟಿಕೊಟ್ಟಳು.

*

"ಆ ನಕ್ಷೆ ತಂದಿದೀಯಾ?" ಲಿಟಿಯಾ ಕೇಳಿದಳು.

ಟೊಮಾಸಿ ಬಿಡಿಸಿದ. ನದಿಯಿತ್ತು, ದ್ವೀಪವಿತ್ತು. ಮನೆ ಒಂದೂ ಇರಲಿಲ್ಲ. ಸಣ್ಣ ಸಣ್ಣ ಚುಕ್ಕೆಗಳಿದ್ದವು.

"ಇವೇನು?"

"ತೆಂಗಿನ ಮರ. ಅರವತ್ತಮೂರು."

"ನಿನ್ನ ಹೊಕ್ಕುಳಬಳ್ಳಿ ಎಲ್ಲಿ ಹೂತಿದಾರೆ, ಮಗಾ?"

"ನಮ್ಮೂರಲ್ಲಿ."

"ಅದರ ಮೇಲೆ ಏನು ನೆಟ್ರು?"

"ತೆಂಗಿನ ಸಸಿ," ಎಂದು ಟೊಮಾಸಿ ಚುಕ್ಕೆಗಳನ್ನೇ ನೋಡಿದ.

"ಇದು ಸೆಮಿ. ಇದು ನಮ್ಮಪ್ಪ. ಇದು ನಾನು. ಇದು ಮೂರೇ ದಿನ ಬದುಕಿದ ಅಕ್ಕನ ಕೂಸು." ಲಿಟಿಯಾಳ ಬೆರಳು ಚುಕ್ಕೆಯಿಂದ ಚುಕ್ಕೆಗೆ ಸರಿಯಿತು. "ನಮ್ಮಕ್ಕನ ಕೈತುತ್ತು ತಿಂದು, ನಮ್ಮನ್ನ ಒಬ್ಬೊಬ್ಬರಾಗಿ ಮುಟ್ಟಿ ಮುಟ್ಟಿ ಬರ್ಕೊಂಡು, ಕೆಳಗೆ ಜನ ಇಲ್ಲ ಅಂತ ಬರೆದನಲ್ಲ. ಅವನಿಗೆ ಕೈ ಹೇಗೆ ಬಂತು?"

ಟೊಮಾಸಿ ಹೆಣದ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಇವರದ್ಯಾವುದು?"

ಅವಳು ನೀರಿನ ಗೆರೆಗೆ ತಾಗಿದ್ದ ಚುಕ್ಕೆ ತೋರಿಸಿದಳು.

"ಕಚೇರಿಯವರು ಹೇಳಿ ಕಳಿಸಿದ್ದನ್ನ ಹೇಳೋನು ನಾನು, ಅಜ್ಜಿ. ಹೂಳಬೇಡಿ ಅಂತಲೇ ಹೇಳ್ಬೇಕು."

"ಹೇಳಿದ್ದಾಯ್ತಲ್ಲ. ಆ ಮೂಲೆ ಹಿಡಿ. ಎತ್ತೋಕೆ ಜನ ಸಾಲದು."

ಅವನು ನಕ್ಷೆಯನ್ನು ಮಡಚಿ ಜೇಬಿಗಿಟ್ಟು, ಚಾಪೆಯ ಮೂಲೆ ಹಿಡಿದ.

ಆಚೆ ದಡದಲ್ಲಿ ಮರಳು ತೋಡುವ ಯಂತ್ರ ಆಗಲೇ ಬಂದು ಲಂಗರು ಹಾಕಿತ್ತು. ಈಚೆ, ನದಿಯತ್ತ ಬಾಗಿದ ತೆಂಗಿನ ಬುಡದಲ್ಲಿ ಸೆಮಿಯ ಗುದ್ದಲಿ ಬೇರುಗಳ ಕಂತೆಗೆ ತಾಗಿ ನಿಂತಿತು. ಯಾರೂ ಕತ್ತಿ ತರಲು ಹೋಗಲಿಲ್ಲ. ಸೆಮಿ ಕೈಯಿಂದಲೇ ಮಣ್ಣು ಬಗೆದ. ಕಚೇರಿಯ ಬಿಳಿ ಅಂಗಿ ತೊಟ್ಟ ಟೊಮಾಸಿ ಗುಂಡಿಗಿಳಿದು, ಮೊಣಕಾಲೂರಿ, ಒದ್ದೆ ಬೇರುಗಳನ್ನು ಎರಡೂ ಕೈಯಲ್ಲಿ ಸರಿಸಿ ಹಿಡಿದ. ಅವುಗಳ ನಡುವೆ ವಾಸಿತಿಯನ್ನು ಇಳಿಸಿದರು.