ಕಬ್ಜೆಯ ಸಾಲು

"ಆ ಕೊನೇ ಸಾಲು ಇನ್ನೊಂದ್ ಸಲ ಓದಿ ಸಾಬ್ರೇ," ಎಂದಳು ಮುನಿಗಂಗಮ್ಮ.

ಮುಳಬಾಗಿಲಿನ ನೋಂದಣಿ ಕಚೇರಿಯೆದುರು, ಹೊಂಗೆಮರದ ಕೆಳಗೆ ಮೂವತ್ತು ವರ್ಷದಿಂದ ಪತ್ರ ಬರೆಯುತ್ತಿದ್ದ ಓಬೇದುಲ್ಲಾ ಕನ್ನಡಕ ಏರಿಸಿಕೊಂಡರು. ಹೋದ ವರ್ಷ ಅವರೇ ಬರೆದ ಹಕ್ಕು ಬಿಡುಗಡೆ ಪತ್ರ ಅದು. ಬೈರಕೂರಿನ ತವರು ಜಮೀನಿನಲ್ಲಿ ತನಗಿದ್ದ ಪಾಲನ್ನು ಆಕೆ ತನ್ನ ತಮ್ಮ ಕದಿರೇಶನಿಗೆ ಬಿಟ್ಟುಕೊಟ್ಟಿದ್ದಳು.

"'ಸದರಿ ಸ್ವತ್ತನ್ನು ಈ ದಿನವೇ ನಿಮ್ಮ ಕಬ್ಜೆಗೆ ಬಿಟ್ಟುಕೊಟ್ಟಿರುತ್ತೇನೆ.'"

"ಹೆಸರು ಅವನದಾಗ್ಲಿ, ನಾನಿರೋಗಂಟ ಆ ಶೀಟಿನ ಮನೆ, ಐದು ಮಾವಿನಮರ ನನ್ ಕೈಲೇ ಇರ್ಲಿ ಅಂತ ಮಾತಾಗಿತ್ತಲ್ಲ? ನಿಮ್ಮೆದುರ್ಗೇ ಅಲ್ವಾ? ಈಗ ಸಾಮಾನೆಲ್ಲ ಆಚೆ ಹಾಕಿ ತಂತಿಬೇಲಿ ಹಾಕವ್ನೆ. ಸ್ಟೇಷನ್‌ನಾಗೆ ಇದೇ ಸಾಲು ತೋರಿಸ್ದ. ಗುಡಿ ಜಗಲಿ ಮೇಲೆ ಮಲಗ್ತಿದೀನಿ."

ಓಬೇದುಲ್ಲಾ ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು. ಯಾರ ಪತ್ರವಾದರೂ ಕೊನೆಗೆ ಆ ಸಾಲು ಬರೆಯುವುದು ತಂದೆಯ ಕಾಲದಿಂದ ಬಂದ ರೂಢಿ. ದೇವರು ಕೊಟ್ಟ ಕಿವಿ ಅಂದು ಆಕೆಯ ಮಾತು ಕೇಳಿಸಿಕೊಂಡಿತ್ತು. ಕೈ ಮಾತ್ರ ತನ್ನ ಪಾಡಿಗೆ ಬರೆದುಬಿಟ್ಟಿತ್ತು.

"ನಮ್ ಸಾಬ್ರು ಬರೆದ್ರೆ ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ಲ ಕಣಮ್ಮ," ಎಂದು ಪಕ್ಕದ ಮೇಜಿನ ಮುನಿಕೃಷ್ಣಪ್ಪ ನಕ್ಕ. ಯಾರೂ ನಗದ್ದು ಕಂಡು ಟೀ ಲೋಟ ಎತ್ತಿಕೊಂಡ.

"ಕಬ್ಜಾ ಅಂದ್ರೆ ರೌಡಿಗಳು ಮಾಡೋದು ಅಂದ್ಕೊಂಡಿದ್ದೆ. ನನ್ ಪತ್ರದಾಗೆ ಅದ್ಯಾಕ್ ಬಂತು? ಅದ್ಯಾರ ಮಾತು ಸಾಬ್ರೇ?"

"ನಮ್ಮೋರ ಮಾತೇ ಅಮ್ಮಾ. ಅರಬ್ಬಿಯಿಂದ ಬಂದಿದ್ದು, ಹಳೇ ಕಚೇರಿಗಳಲ್ಲಿ ಹಂಗೇ ಉಳ್ಕೊಂತು. ಮುಷ್ಟೀಲಿ ಹಿಡಿಯೋದು ಅಂತ ಅರ್ಥ." ಅವರ ದನಿ ತಗ್ಗಿತು. "ಸಾಯೋವಾಗ ದೇವದೂತ, ಫರಿಷ್ತಾ, ಬಂದು ಜೀವ ತಗೊಂಡ್ ಹೋಗ್ತಾನಲ್ಲ, ಅದಕ್ಕೂ ನಾವು ಇದೇ ಮಾತು ಹೇಳ್ತೀವಿ."

"ಅಂಗಾದ್ರೆ ಸರಿಯಾಗೇ ಬರೆದಿದೀರ."

ಮುನಿಗಂಗಮ್ಮ ಪತ್ರವನ್ನು ತನ್ನತ್ತ ಎಳೆದುಕೊಂಡಳು.

"ಅದೊಂದಕ್ಕೆ ಗೀಟು ಎಳೆಯಕ್ಕಾಗಲ್ವಾ?"

"ರಿಜಿಸ್ಟರ್ ಆಗೋಗಿದೆ ತಾಯೀ. ಕೋರ್ಟಿಗೇ ಹೋಗ್ಬೇಕು. ತಪ್ಪು ನಂದೇ ಅಂತ ನಾನ್ ಬಂದು ಸಾಕ್ಷಿ ಹೇಳ್ತೀನಿ."

"ಎಷ್ಟ್ ವರ್ಷ ಆಯ್ತದೆ?"

ಓಬೇದುಲ್ಲಾ ಕನ್ನಡಕ ತೆಗೆದು ಒರೆಸತೊಡಗಿದರು. ಮುನಿಗಂಗಮ್ಮ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಾವಿನಕಾಯಿ ಮೇಜಿನ ಮೇಲಿಟ್ಟಳು.

"ಬರೋ ಮುಂಚೆ ಬೇಲಿ ಸಂದೀಲಿ ಕೈ ತೂರ್ಸಿ ಕಿತ್ತೆ. ನನ್ ಮರಕ್ಕೆ ನಾನೇ ಕಳ್ಳಿ. ನಿಮ್ ಮನೆಯಾಕೆಗೆ ಕೊಡಿ, ಉಪ್ಪಿನಕಾಯಿಗಾಯ್ತದೆ."

ಬೈರಕೂರಿನ ಬಸ್ಸು ಹಾರ್ನ್ ಹೊಡೆಯಿತು. ಆಕೆ ರಸ್ತೆ ದಾಟಿ ಹತ್ತಿದಳು. ಕಾಯಿಗಳನ್ನು ಮುಟ್ಟಲು ಓಬೇದುಲ್ಲಾರಿಗೆ ಕೈ ಬರಲಿಲ್ಲ. ತೊಟ್ಟಿನಿಂದ ಜಿನುಗಿದ ಸೊನೆ ಕೆಳಗಿದ್ದ ಬರೆಯದ ಹಾಳೆಗಿಳಿದು ಮೆಲ್ಲಗೆ ಹರಡುತ್ತಿತ್ತು.